ನೀರು ಸಾಕುವವರು: ಅಕ್ವೇರಿಯಂ ಹವ್ಯಾಸ ದಶಕಗಟ್ಟಲೆ ಉಳಿಯುವ ಬಗೆ

ಏನಿದು ಹವ್ಯಾಸ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಅದರಲ್ಲಿ ಮೀನು, ಜಲಸಸ್ಯ, ಬಸವನಹುಳು, ಸಿಗಡಿ ಮೊದಲಾದ ಜೀವಿಗಳನ್ನು ನೋಡುವ ಸಂತೋಷಕ್ಕಾಗಿ ಬೆಳೆಸುವುದಕ್ಕೆ ಅಲಂಕಾರಿಕ ಮೀನು ಸಾಕಣೆ ಎಂದು ಹೆಸರು. ತೊಟ್ಟಿಯನ್ನು ಕನ್ನಡದಲ್ಲಿ ಮತ್ಸ್ಯಾಲಯ, ಮತ್ಸ್ಯಾಗಾರ ಎಂದು ಬರೆಯುವುದುಂಟು. ಆಡುಮಾತಿನಲ್ಲಿ ಗೆದ್ದಿರುವುದು ಅಕ್ವೇರಿಯಂ ಎಂಬ ಪದವೇ.

ಹವ್ಯಾಸ ಶುರುವಾಗುವ ರೀತಿ ಬಹುತೇಕ ಮನೆಗಳಲ್ಲಿ ಒಂದೇ. ಮಗುವಿನ ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ದುಂಡನೆಯ ಗಾಜಿನ ಬಟ್ಟಲೊಂದು ಎರಡು ಗೋಲ್ಡ್‌ಫಿಶ್‌ಗಳೊಡನೆ ಬರುತ್ತದೆ. ಕೆಲವೇ ವಾರಗಳಲ್ಲಿ ಮೀನು ಸಾಯುತ್ತದೆ, ಬಟ್ಟಲು ಅಟ್ಟ ಸೇರುತ್ತದೆ. ಹೀಗೆಯೇ ಆರಂಭಿಸಿ ಮೂವತ್ತು ನಲವತ್ತು ವರ್ಷ ತೊಟ್ಟಿ ಬಿಡದವರೂ ಇದ್ದಾರೆ. ಇವರಿಬ್ಬರ ನಡುವಿನ ಅಂತರವನ್ನು ಹಣದಿಂದಾಗಲಿ ಬಿಡುವಿನ ವೇಳೆಯಿಂದಾಗಲಿ ಪೂರ್ತಿ ವಿವರಿಸಲಾಗದು. ಮೊದಲಿನವರ ಗಮನ ಮೀನಿನ ಮೇಲೆ ನಿಂತಿರುತ್ತದೆ. ಉಳಿದುಕೊಂಡವರು ನೀರನ್ನು ಗಮನಿಸಲು ಕಲಿತಿರುತ್ತಾರೆ. ಮೀನಿನ ಬಣ್ಣ ಆರು ತಿಂಗಳಲ್ಲಿ ರೂಢಿಯಾಗಿಬಿಡುತ್ತದೆ, ನೀರಿನ ಸ್ವಭಾವ ಮಾತ್ರ ವಾರಕ್ಕೊಂದು ಹೊಸ ಪ್ರಶ್ನೆ ಕೇಳುತ್ತಲೇ ಇರುತ್ತದೆ.

ತೊಟ್ಟಿ ಮನೆಗೆ ಬಂದ ಕಥೆ

ಚೀನಾದಲ್ಲಿ ಸುಂಗ್ ರಾಜವಂಶದ ಕಾಲಕ್ಕಾಗಲೇ ಹೊಂಬಣ್ಣದ ಮೀನುಗಳನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಆದರೆ ಅವನ್ನು ಮೇಲಿನಿಂದ ಬಗ್ಗಿ ನೋಡಬೇಕಿತ್ತು. ಪಕ್ಕದಿಂದ ನೋಡಲು ಗಾಜು ಬೇಕಾಯಿತು. 1832ರ ಸುಮಾರಿಗೆ ಸಿಸಿಲಿ ದ್ವೀಪದಲ್ಲಿ ನೆಲೆಸಿದ್ದ ಫ್ರೆಂಚ್ ವಿಜ್ಞಾನಿ ಜಾನ್ ವಿಲ್‌ಪ್ರೂ-ಪವರ್ ಸಮುದ್ರಜೀವಿಗಳ ಅಧ್ಯಯನಕ್ಕೆಂದು ಗಾಜಿನ ತೊಟ್ಟಿ ಮಾಡಿಸಿದರು.

ಹವ್ಯಾಸಿಗಳು ಹೆಚ್ಚು ಋಣಿಯಾಗಿರಬೇಕಾದುದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್‌ಗೆ. ಆತ ಒಂದು ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್‌ಗಳನ್ನೂ ವಲಿಸ್ನೇರಿಯ ಎಂಬ ಪಟ್ಟಿಯಂಥ ಎಲೆಯ ಜಲಸಸ್ಯವನ್ನೂ ಇಟ್ಟ. ಗಿಡದ ಹಳೆಯ ಎಲೆ ಕೊಳೆತು ನೀರು ಕೆಟ್ಟಿತು. ಕೊಳೆತ ಎಲೆಯನ್ನು ತಿನ್ನಲು ಕೊಳದ ಬಸವನಹುಳುಗಳನ್ನು ಬಿಟ್ಟ, ನೀರು ತಿಳಿಯಾಯಿತು. ಮೀನು, ಗಿಡ, ಹುಳು ಈ ಮೂರರ ನಡುವಣ ಸಮತೋಲನವನ್ನು ವಿವರಿಸಿ ಆತ 1850ರಲ್ಲಿ ಪ್ರಬಂಧ ಪ್ರಕಟಿಸಿದ. ಮೂರು ವರ್ಷಗಳ ಬಳಿಕ, 1853ರಲ್ಲಿ, ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. ಅದರ ಮರುವರ್ಷ ಬಂದ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ಅಕ್ವೇರಿಯಂ ಎಂಬ ಪದವನ್ನು ಮನೆಮಾತಾಗಿಸಿತು. ಭಾರತದಲ್ಲಿ ಮದರಾಸಿನ ಮರೀನಾ ಕಡಲತಡಿಯಲ್ಲಿ 1909ರಲ್ಲಿ, ಮುಂಬಯಿಯಲ್ಲಿ ತಾರಾಪೋರ್‌ವಾಲಾ ಹೆಸರಿನಲ್ಲಿ 1951ರಲ್ಲಿ ಸಾರ್ವಜನಿಕ ಮತ್ಸ್ಯಾಲಯಗಳು ಆರಂಭವಾದವು. ಬೆಂಗಳೂರಿನ ಕೆಲವು ತಲೆಮಾರುಗಳಿಗೆ ಕಬ್ಬನ್ ಪಾರ್ಕಿನ ಅಂಚಿನ ಸರ್ಕಾರಿ ಮತ್ಸ್ಯಾಲಯವೇ ಮೊದಲ ಪರಿಚಯ.

ಕಾಣದ ಸಾಕುಪ್ರಾಣಿಗಳು

ಮೀನು ತಿಂದ ಆಹಾರದ ಸಾರಜನಕದ ಬಹುಪಾಲು ಅಮೋನಿಯವಾಗಿ ಕಿವಿರಿನ ಮೂಲಕ ನೀರಿಗೆ ಸೇರುತ್ತದೆ. ಉಳಿದ ಮೇವು, ಹಿಕ್ಕೆ, ಕೊಳೆತ ಎಲೆಗಳಿಂದಲೂ ಅಮೋನಿಯ ಹುಟ್ಟುತ್ತದೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲ. ಅಲ್ಪ ಪ್ರಮಾಣದ ಅಮೋನಿಯವೂ ಕಿವಿರನ್ನು ಸುಡುತ್ತದೆ.

ಈ ವಿಷವನ್ನು ಅರಗಿಸುವುದು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೇಟ್ ಸಾಧು ಸ್ವಭಾವದ್ದು, ಗಿಡಗಳಿಗೆ ಗೊಬ್ಬರ. ಈ ಸರಣಿಗೆ ಸಾರಜನಕ ಚಕ್ರ ಎಂದು ಹೆಸರು. ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್ ಎಂಬ ಕುಲದ್ದೆಂದು ಪುಸ್ತಕಗಳು ದೀರ್ಘಕಾಲ ಹೇಳುತ್ತಿದ್ದವು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರ ಕುಲದ ಜೀವಿಗಳೆಂದು 1998ರಲ್ಲಿ ತಿಳಿಯಿತು. ಎರಡೂ ಹಂತಗಳನ್ನು ಒಂಟಿಯಾಗಿ ಪೂರೈಸಬಲ್ಲ ನೈಟ್ರೋಸ್ಪೈರಗಳೂ ಇವೆಯೆಂದು 2015ರಲ್ಲಿ ಪತ್ತೆಯಾಯಿತು. ನೂರೈವತ್ತು ವರ್ಷ ಹಳೆಯ ಹವ್ಯಾಸದ ಅಡಿಪಾಯದಲ್ಲೇ ಇಷ್ಟು ಈಚೆಗೆ ಹೊಸ ಸಂಗತಿ ಸಿಕ್ಕಿತೆಂಬುದು ಗಮನಾರ್ಹ.

ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ತಳದ ಜಲ್ಲಿ, ಗಾಜಿನ ಮೈ ಇವುಗಳಿಗೆ ಅಂಟಿಕೊಂಡು ನಿಧಾನವಾಗಿ ಹೆಚ್ಚುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಕೊಂಡ ದಿನವೇ ಹನ್ನೆರಡು ಮೀನು ಬಿಟ್ಟವರ ಮನೆಯಲ್ಲಿ ಎರಡನೆಯ ವಾರ ಸಾವು ಶುರುವಾಗುವುದಕ್ಕೆ ಇದೇ ಕಾರಣ. ನೀರು ಕನ್ನಡಿಯಂತೆ ಕಂಡರೂ ವಿಷವಿರಬಹುದು. ಭಾನುವಾರ ಎಲ್ಲ ನೀರನ್ನೂ ಚೆಲ್ಲಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದು, ಜಲ್ಲಿಯನ್ನು ಬಿಸಿಲಿಗೆ ಹಾಕುವ ಶುಚಿಪ್ರಿಯರು ಅರಿವಿಲ್ಲದೆ ಈ ಕಾಣದ ಸಾಕುಪ್ರಾಣಿಗಳನ್ನು ಪ್ರತಿ ವಾರ ಕೊಲ್ಲುತ್ತಿರುತ್ತಾರೆ. ವಾರಕ್ಕೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ಅದೇ ನೀರಿನಲ್ಲಿ ಅದುಮಿದರೆ ಸಾಕು.

ಅಮೋನಿಯದ ವಿಷ ನೀರಿನ ಪಿಎಚ್ ಮೌಲ್ಯವನ್ನೂ, ಅಂದರೆ ಅದರ ಆಮ್ಲ-ಕ್ಷಾರ ಗುಣದ ಅಳತೆಯನ್ನೂ, ಅವಲಂಬಿಸಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇಕಡ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5ನ್ನು ಮೀರುತ್ತದೆ. ಪಕ್ಕದ ಮನೆಯವರು ಮಾಡಿದ ತಪ್ಪನ್ನೇ ಮಾಡಿದರೂ ಒಬ್ಬರ ಮೀನು ಉಳಿದು ಇನ್ನೊಬ್ಬರದು ಸಾಯುವುದು ಹೀಗೆ. ಈ ಲೆಕ್ಕ ಒಮ್ಮೆ ತಲೆಗೆ ಹತ್ತಿದವರು ಹವ್ಯಾಸ ಬಿಡುವುದು ಅಪರೂಪ. ಪರೀಕ್ಷೆಯ ಕಿಟ್, ದಿನಾಂಕ ಬರೆದ ನೋಟ್‌ಪುಸ್ತಕ, ಅದರಲ್ಲಿ ಸಾಲುಸಾಲು ಅಂಕಿಗಳು: ಮನೆಯ ಮೂಲೆಯೊಂದು ಸದ್ದಿಲ್ಲದೆ ಪ್ರಯೋಗಾಲಯವಾಗುತ್ತದೆ.

ಊರಿನ ನೀರು

ಎಲ್ಲ ಮೀನಿಗೂ ಒಂದೇ ನೀರು ಒಗ್ಗುವುದಿಲ್ಲ. ದಕ್ಷಿಣ ಅಮೆರಿಕದ ಕಪ್ಪುನೀರಿನ ತೊರೆಗಳಿಂದ ಬಂದ ಕಾರ್ಡಿನಲ್ ಟೆಟ್ರಾಗಳಿಗೆ ಮೆದುವಾದ, ತುಸು ಆಮ್ಲೀಯ ನೀರು ಬೇಕು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡಸಾದ, ಪಿಎಚ್ 8ರ ಆಸುಪಾಸಿನ ನೀರು ಬೇಕು. ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಬಿಡುವುದೆಂದರೆ ಒಂದಕ್ಕೆ ಶಿಕ್ಷೆ ಕೊಟ್ಟಂತೆ.

ಕರ್ನಾಟಕದೊಳಗೇ ಈ ವ್ಯತ್ಯಾಸ ದೊಡ್ಡದು. ಮಳೆ ಸುರಿಯುವ ಮಲೆನಾಡು, ಕರಾವಳಿಯ ಬಾವಿನೀರು ಸಾಮಾನ್ಯವಾಗಿ ಮೆದು. ಬಯಲುಸೀಮೆಯ ಕೊಳವೆಬಾವಿಯ ನೀರು ಗಡಸು, ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವಷ್ಟು. ಬೆಂಗಳೂರಿನ ಒಂದೇ ಬೀದಿಯಲ್ಲಿ ಒಂದು ಮನೆಗೆ ಕಾವೇರಿ, ಮತ್ತೊಂದಕ್ಕೆ ಬೋರ್‌ವೆಲ್, ಮೂರನೆಯದಕ್ಕೆ ಟ್ಯಾಂಕರ್ ನೀರು. ನೂರು ಕಿಲೋಮೀಟರ್ ದೂರದಿಂದ ಶುದ್ಧೀಕರಣಗೊಂಡು ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿಗಳನ್ನು ಬೆರೆಸಿ ಬಳಸಬೇಕು. ಅಂಗಡಿಯವರು ಹೇಳಿದ ಮೀನಿಗೆ ತಕ್ಕಂತೆ ನೀರನ್ನು ಬದಲಿಸಲು ಹೆಣಗುವುದಕ್ಕಿಂತ ಮನೆಯ ನಲ್ಲಿಗೆ ತಕ್ಕ ಮೀನನ್ನು ಆರಿಸುವುದು ಜಾಣತನ. ಗಡಸು ನೀರಿನವರಿಗೆ ಗಪ್ಪಿ, ಮೋಲಿಗಳು ಸಲೀಸು.

ನೀರೊಳಗಿನ ತೋಟ

ಹಲವರ ಆಸಕ್ತಿ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ಮೀನಿನಿಂದ ಗಿಡದ ಕಡೆಗೆ ಸರಿಯುತ್ತದೆ. ಜಪಾನಿನ ನಿಗಾಟದ ತಕಾಶಿ ಅಮಾನೊ (1954–2015) ಈ ಶಾಖೆಗೆ ಕಲೆಯ ಸ್ಥಾನ ಕೊಟ್ಟವರು. ವೃತ್ತಿಪರ ಸೈಕಲ್ ಸ್ಪರ್ಧಿಯಾಗಿದ್ದ ಅವರು ಮಳೆಕಾಡುಗಳ ಛಾಯಾಗ್ರಾಹಕರಾಗಿ, ಕಡೆಗೆ ತೊಟ್ಟಿಯೊಳಗೆ ಬೆಟ್ಟ, ಕಣಿವೆ, ಹುಲ್ಲುಗಾವಲುಗಳನ್ನು ಕಲ್ಲು ಮತ್ತು ಗಿಡಗಳಿಂದ ರಚಿಸಿದರು. 2015ರಲ್ಲಿ ಲಿಸ್ಬನ್ ನಗರದ ಮತ್ಸ್ಯಾಲಯದಲ್ಲಿ ಅವರು ನಿರ್ಮಿಸಿದ ನೀರಕಾಡು 40 ಮೀಟರ್ ಉದ್ದವಿದೆ. ಪಾಚಿ ತಿನ್ನಲು ಅವರು ಬಳಸಿದ ಪುಟ್ಟ ಸಿಗಡಿಗೆ ಇಂದು ಅಮಾನೊ ಸಿಗಡಿ ಎಂದೇ ಹೆಸರು.

ಇದು ದುಬಾರಿ ದಾರಿ: ತೀವ್ರ ಬೆಳಕು, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್, ವಾರವಾರ ಕತ್ತರಿ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿದ ದಾರಿ ಇದಕ್ಕೆ ವಿರುದ್ಧ. ತಳದಲ್ಲಿ ಒಂದಂಗುಲ ತೋಟದ ಮಣ್ಣು, ಮೇಲೆ ತೆಳುವಾಗಿ ಜಲ್ಲಿ, ಮೊದಲ ದಿನವೇ ಒತ್ತಾಗಿ ನೆಟ್ಟ ಗಿಡ, ಕಿಟಕಿಯ ಬೆಳಕು. ಅಮೋನಿಯವನ್ನು ಗಿಡಗಳೇ ಹೀರಿಕೊಳ್ಳುತ್ತವೆ. ಮಧ್ಯಮವರ್ಗದ ಮನೆಗೆ ಹೊಂದುವುದು ಇದೇ.

ಮೊಟ್ಟೆ, ಮರಿ, ಕಾವಲು

ಹವ್ಯಾಸಿಯನ್ನು ಕಟ್ಟಿಹಾಕುವ ಶಕ್ತಿ ಮತ್ತಾವುದಕ್ಕಿಂತ ಮರಿಗಳಿಗೆ ಹೆಚ್ಚು. ಸಾಮಾನ್ಯವಾಗಿ ಮೊದಲ ಅಚ್ಚರಿ ಗಪ್ಪಿಯಿಂದ. ಅದು ಮೊಟ್ಟೆಯಿಡದೆ ಸುಮಾರು ನಾಲ್ಕು ವಾರಕ್ಕೊಮ್ಮೆ ಜೀವಂತ ಮರಿ ಹಾಕುತ್ತದೆ. ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾದಿಡಬಲ್ಲದು, ಹಾಗಾಗಿ ಒಂಟಿಯಾಗಿಟ್ಟ ಹೆಣ್ಣೂ ಮತ್ತೆ ಮತ್ತೆ ಮರಿ ಹಾಕಿ ಮನೆಯವರನ್ನು ಬೆರಗಾಗಿಸುತ್ತದೆ. ಆ ಮರಿಗಳನ್ನು ತಾಯಿಯೇ ತಿನ್ನುವುದು ಎರಡನೆಯ ಪಾಠ. ಗಿಡ ದಟ್ಟವಾಗಿದ್ದರೆ ಕೆಲವು ಅಡಗಿ ಬದುಕುತ್ತವೆ.

ಥಾಯ್ಲೆಂಡ್ ಮೂಲದ ಕಾಳಗದ ಮೀನು ಬೆಟ್ಟಾದ ಸಂಸಾರ ಬೇರೆಯೇ. ಅದರ ತಲೆಯೊಳಗೆ ಗಾಳಿಯಿಂದ ನೇರವಾಗಿ ಆಮ್ಲಜನಕ ಹೀರುವ ಚಕ್ರವ್ಯೂಹದಂಥ ಅಂಗವಿದೆ. ಗಂಡು ನೀರಿನ ಮೇಲ್ಮೈಯಲ್ಲಿ ಜೊಲ್ಲು ಬೆರೆತ ಗುಳ್ಳೆಗಳಿಂದ ನೊರೆಗೂಡು ಕಟ್ಟುತ್ತದೆ. ಅದರ ಕೆಳಗೆ ಹೆಣ್ಣನ್ನು ಸುತ್ತಿ ಹಿಡಿದಾಗ ಉದುರುವ ಮೊಟ್ಟೆಗಳನ್ನು ಬಾಯಲ್ಲಿ ಆರಿಸಿ ಒಂದೊಂದಾಗಿ ಗುಳ್ಳೆಗಳ ನಡುವೆ ಇಡುತ್ತದೆ. ಬಳಿಕ ಹೆಣ್ಣನ್ನು ಅಟ್ಟಿಬಿಡುತ್ತದೆ. ಒಂದೆರಡು ದಿನದಲ್ಲಿ ಒಡೆದ ಮರಿಗಳು ಕೆಳಗೆ ಜಾರಿದಾಗಲೆಲ್ಲ ತಂದೆ ಅವನ್ನು ಬಾಯಲ್ಲಿ ಎತ್ತಿ ಗೂಡಿಗೆ ಉಗುಳುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಇದನ್ನು ನೋಡುತ್ತ ಕುಳಿತವರಿಗೆ ಮರುದಿನದ ಕಚೇರಿ ಹಗುರವಾಗಿ ಕಂಡೀತು.

ಮಲಾವಿ ಸಿಕ್ಲಿಡ್ ತಾಯಿ ಮೊಟ್ಟೆ, ಮರಿಗಳನ್ನು ಸುಮಾರು ಮೂರು ವಾರ ಬಾಯೊಳಗಿಟ್ಟುಕೊಂಡು ಹೆಚ್ಚುಕಡಿಮೆ ಉಪವಾಸವಿರುತ್ತದೆ. ಅಮೆಜಾನಿನ ಡಿಸ್ಕಸ್ ಮೀನಿನ ಮರಿಗಳು ಮೊದಲ ದಿನಗಳಲ್ಲಿ ತಾಯ್ತಂದೆಯರ ಮೈಮೇಲಿನ ಲೋಳೆಯನ್ನೇ ಉಣ್ಣುತ್ತವೆ. ಆಫ್ರಿಕಾದ ನೋಥೊಬ್ರಾಂಕಿಯಸ್ ಕಿಲಿಮೀನುಗಳು ಮಳೆಗಾಲದ ಹೊಂಡಗಳಲ್ಲಿ ಹುಟ್ಟಿ ಹೊಂಡ ಒಣಗುವ ಮುನ್ನ ಮೊಟ್ಟೆಯಿಟ್ಟು ಸಾಯುತ್ತವೆ. ಮೊಟ್ಟೆ ಒಣಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಹವ್ಯಾಸಿಗಳು ಈ ಮೊಟ್ಟೆಗಳನ್ನು ಸಸ್ಯನಾರಿನ ಪುಡಿಯಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿಕೊಳ್ಳುತ್ತಾರೆ. ಮೀನನ್ನು ಬೀಜದಂತೆ ಬಿತ್ತುವ ಈ ಶಾಖೆಗೆ ತನ್ನದೇ ಪಂಥವಿದೆ.

ಮರಿ ಬೆಳೆಸುವುದು ಮೇವಿನ ಪ್ರಶ್ನೆ. ಹೊಸದಾಗಿ ಈಜುವ ಬೆಟ್ಟಾ ಮರಿಯ ಬಾಯಿಗೆ ಪುಡಿ ಮೇವೂ ದೊಡ್ಡದು. ಬಾಳೆಹಣ್ಣಿನ ಸಿಪ್ಪೆಯನ್ನೋ ಒಣಹುಲ್ಲನ್ನೋ ಹಳೆಯ ತೊಟ್ಟಿನೀರಿನಲ್ಲಿ ನೆನೆಹಾಕಿ ಸೂಕ್ಷ್ಮಜೀವಿಗಳನ್ನು ಬೆಳೆಸಬೇಕು. ಕೆಲ ದಿನಗಳ ನಂತರ ಉಪ್ಪುನೀರಿನಲ್ಲಿ ಗಾಳಿಯಾಡಿಸಿದರೆ ಒಂದೂವರೆ ದಿನದೊಳಗೆ ಒಡೆಯುವ ಆರ್ಟೀಮಿಯ ಮರಿಗಳನ್ನು ಕೊಡಬೇಕು. ಬೀದಿಬದಿಯ ಬಾದಾಮಿ ಮರದ ಉದುರಿದ ಒಣ ಎಲೆ ನೀರನ್ನು ಚಹದ ಬಣ್ಣಕ್ಕೆ ತಿರುಗಿಸಿ ಬೆಟ್ಟಾಗೆ ಹಿತ ಕೊಡುತ್ತದೆಂದು ಸಾಕಣೆಗಾರರು ನಂಬುತ್ತಾರೆ. ವಿದೇಶದವರು ಪೊಟ್ಟಣಕ್ಕೆ ಬೆಲೆ ತೆತ್ತು ಕೊಳ್ಳುವ ಈ ಎಲೆಯನ್ನು ನಮ್ಮ ಬೀದಿಗಳಲ್ಲಿ ಗುಡಿಸಿ ಎಸೆಯುತ್ತಾರೆ. ಮರಿಗಳ ಈ ವ್ಯವಹಾರವೇ ಕುಲಕಸುಬಾಗಿ ಬೆಳೆದ ಊರುಗಳೂ ಇವೆ: ಚೆನ್ನೈನ ಕೊಳತ್ತೂರು ದಕ್ಷಿಣ ಭಾರತದ ಅಲಂಕಾರಿಕ ಮೀನುಮಾರಾಟದ ದೊಡ್ಡ ಕೇಂದ್ರ.

ಮೀನಿನ ನೆನಪು, ಮೀನಿನ ಆಯುಷ್ಯ

ಗೋಲ್ಡ್‌ಫಿಶ್‌ನ ನೆನಪು ಮೂರು ಸೆಕೆಂಡು ಎಂಬುದು ಬರಿಯ ಕಟ್ಟುಕಥೆ. ಕಲಿಸಿದ ಸಂಕೇತವನ್ನು ಅದು ತಿಂಗಳುಗಳ ಬಳಿಕವೂ ನೆನಪಿಟ್ಟುಕೊಳ್ಳುತ್ತದೆ. ಕೀಟಗಳ ಮೇಲೆ ನೀರು ಉಗುಳಿ ಬೀಳಿಸುವ ಬಿಲ್ಲುಗಾರ ಮೀನು ಮನುಷ್ಯರ ಮುಖಗಳ ಚಿತ್ರಗಳನ್ನು ಬೇರ್ಪಡಿಸಿ ಗುರುತಿಸಬಲ್ಲದೆಂದು 2016ರ ಪ್ರಯೋಗವೊಂದು ತೋರಿಸಿತು. ಮೇವು ಹಾಕುವವರು ಬಂದಾಗ ಮಾತ್ರ ಗಾಜಿನ ಬಳಿ ಬರುವ ಆಸ್ಕರ್ ಮೀನನ್ನು ಸಾಕಿದವರಿಗೆ ಇಂಥ ಪ್ರಯೋಗಗಳು ಹೊಸದಾಗಿ ತೋರುವುದಿಲ್ಲ.

ಆಯುಷ್ಯವೂ ಸಣ್ಣದಲ್ಲ. ಒಳ್ಳೆಯ ನೀರಿನಲ್ಲಿ ಗೋಲ್ಡ್‌ಫಿಶ್ ಹತ್ತರಿಂದ ಇಪ್ಪತ್ತು ವರ್ಷ ಬಾಳುತ್ತದೆ. ಟಿಶ್ ಎಂಬ ಬ್ರಿಟನ್ನಿನ ಗೋಲ್ಡ್‌ಫಿಶ್ 1999ರಲ್ಲಿ ಸತ್ತಾಗ ಅದಕ್ಕೆ 43 ವರ್ಷ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಮತ್ಸ್ಯಾಲಯಕ್ಕೆ 1938ರಲ್ಲಿ ಬಂದ ಮೆಥುಸೆಲಾ ಎಂಬ ಶ್ವಾಸಕೋಶದ ಮೀನಿನ ವಯಸ್ಸು 90 ದಾಟಿದೆಯೆಂದು 2023ರ ಡಿಎನ್‌ಎ ವಿಶ್ಲೇಷಣೆ ಅಂದಾಜಿಸಿತು. ಅದನ್ನು ನೋಡಿಕೊಂಡ ಸಿಬ್ಬಂದಿಯಲ್ಲಿ ಎಷ್ಟೋ ಮಂದಿ ನಿವೃತ್ತರಾಗಿದ್ದಾರೆ.

ನಮ್ಮ ಹೊಳೆಗಳ ಮೀನು

ಕನ್ನಡಿಗರಿಗೆ ಮೀನನ್ನು ನೋಡಿ ನಲಿಯುವುದು ಹೊಸದೇನಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಎಸೆದ ನೆನಪು ಅನೇಕರಿಗಿದೆ. ಆದರೆ ಪೇಟೆಯ ತೊಟ್ಟಿಗಳಲ್ಲಿ ಈಜುವವು ಹೆಚ್ಚಾಗಿ ದೂರದೇಶದ ಜಾತಿಗಳು. ಅನುಭವಿ ಸಾಕಣೆಗಾರರು ಹತ್ತು ಹದಿನೈದು ವರ್ಷಗಳ ನಂತರ ತಮ್ಮದೇ ನಾಡಿನ ಮೀನುಗಳತ್ತ ತಿರುಗುವುದು ಲೋಕದೆಲ್ಲೆಡೆ ಕಾಣುವ ಪ್ರವೃತ್ತಿ.

ಪಶ್ಚಿಮಘಟ್ಟದ ತೊರೆಗಳಲ್ಲಿ ಅದಕ್ಕೆ ಬೇಕಾದಷ್ಟು ಕಾರಣಗಳಿವೆ. ಕೆಂಪು ಮೈಮೇಲೆ ಕಪ್ಪು ಪಟ್ಟೆಗಳ ಮೆಲನ್ ಬಾರ್ಬ್ ಇಲ್ಲಿನದು. ಅದರ ಕುಲಕ್ಕೆ 2013ರಲ್ಲಿ ಕೊಟ್ಟ ಹಾಲುದಾರಿಯ ಎಂಬ ಹೆಸರು, ಫ್ರಾನ್ಸಿಸ್ ಹ್ಯಾಮಿಲ್ಟನ್‌ನ 1822ರ ಗಂಗಾನದಿಯ ಮೀನುಗಳ ಗ್ರಂಥಕ್ಕೆ ಚಿತ್ರ ಬರೆದ ಹಾಲುದಾರ್ ಎಂಬ ಬಂಗಾಳಿ ಕಲಾವಿದನ ನೆನಪಿಗಾಗಿ. ಕೆಂಪು ಗೆರೆಯ ಡೆನಿಸನ್ ಬಾರ್ಬ್, ಅಂದರೆ ವ್ಯಾಪಾರಿಗಳ ಮಿಸ್ ಕೇರಳ, ಮದರಾಸಿನ ಗವರ್ನರ್ ಸರ್ ವಿಲಿಯಂ ಡೆನಿಸನ್ ಹೆಸರು ಹೊತ್ತಿದೆ. ಅದನ್ನು 1865ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ. ರಫ್ತಿಗಾಗಿ ಹೊಳೆಗಳಿಂದ ಮಿತಿಮೀರಿ ಹಿಡಿದುದು ಅದರ ಇಳಿಕೆಗೆ ಒಂದು ಕಾರಣ, ಈಗ ಐಯುಸಿಎನ್ ಕೆಂಪುಪಟ್ಟಿ ಅದನ್ನು ಅಳಿವಿನಂಚಿನ ಜಾತಿಯೆಂದು ಗುರುತಿಸಿದೆ. ಹವ್ಯಾಸಕ್ಕೆ ಇಂಥ ಕಳಂಕವೂ ಇದೆ. ತೊಟ್ಟಿಯಲ್ಲೇ ಹುಟ್ಟಿದ ಮೀನನ್ನು ಮಾತ್ರ ಕೊಳ್ಳುವುದು ಇದಕ್ಕೆ ಪರಿಹಾರ.

ತೊಟ್ಟಿಯಿಂದ ಆಚೆಗೆ

ಸಾಕಣೆಯಿಂದ ವಿಜ್ಞಾನಕ್ಕೂ ಲಾಭವಾಗಿದೆ. ಗಂಗಾಬಯಲಿನ ಪಟ್ಟೆಮೀನು ಜೀಬ್ರಾ ಡೇನಿಯೋವನ್ನು ಜಾರ್ಜ್ ಸ್ಟ್ರೈಸಿಂಗರ್ ಎಂಬ ಅಮೆರಿಕನ್ ವಿಜ್ಞಾನಿ ಸಾಕುಪ್ರಾಣಿಯಂಗಡಿಯಿಂದ ತಂದು 1981ರಲ್ಲಿ ಅದರ ತದ್ರೂಪುಗಳನ್ನು ಸೃಷ್ಟಿಸಿದ. 2013ರಲ್ಲಿ ಪೂರ್ಣಗೊಂಡ ವಂಶವಾಹಿ ನಕ್ಷೆಯಂತೆ ಮನುಷ್ಯನ ಶೇಕಡ 70ರಷ್ಟು ವಂಶವಾಹಿಗಳಿಗೆ ಈ ಮೀನಿನಲ್ಲಿ ಸಮಾನ ರೂಪವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಮೆದುಳಿನ ಅಧ್ಯಯನಕ್ಕೆ ಇದೇ ಮೀನು ಬಳಕೆಯಲ್ಲಿದೆ. ಗಪ್ಪಿಯನ್ನು ಸೊಳ್ಳೆಮರಿ ತಿನ್ನಿಸಲು ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲಿ ಬಿಟ್ಟು ಮಲೇರಿಯ ತಡೆಯಲು ಯತ್ನಿಸಿದ್ದೂ ಉಂಟು.

ಇವೆಲ್ಲಕ್ಕಿಂತ ಹವ್ಯಾಸಿಗಳು ಹೆಮ್ಮೆಪಡಬೇಕಾದ ಘಟನೆ ಮೆಕ್ಸಿಕೋದ್ದು. ಟೆಕೀಲ ಎಂಬ ಜ್ವಾಲಾಮುಖಿಯ ಬಳಿಯ ತೆಉಚಿತ್ಲಾನ್ ಹೊಳೆಯ ಪುಟ್ಟ ಮೀನೊಂದು ಮಾಲಿನ್ಯ ಮತ್ತು ಪರಕೀಯ ಮೀನುಗಳ ಹಾವಳಿಯಿಂದ ಅಲ್ಲಿ ಕಣ್ಮರೆಯಾಯಿತು. ಯೂರೋಪಿನ ತೊಟ್ಟಿಗಳಲ್ಲಿ ಅದರ ಸಂತತಿ ಉಳಿದಿತ್ತು. 1998ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದ ಐದು ಜೋಡಿಗಳನ್ನು ಇವಾನ್ ಡಿಬಲ್ ಎಂಬ ಹವ್ಯಾಸಿ ಮೆಕ್ಸಿಕೋದ ಮಿಚೊವಕಾನ ವಿಶ್ವವಿದ್ಯಾಲಯಕ್ಕೆ ತಲುಪಿಸಿದರು. ಅಲ್ಲಿ ಅವುಗಳ ಸಂತಾನ ಬೆಳೆದು, ಸುಮಾರು 1,500 ಮೀನುಗಳು ಮತ್ತೆ ತಮ್ಮ ಹೊಳೆ ಸೇರಿ ಸಂಸಾರ ಹೂಡಿವೆ.

ಆಸಕ್ತಿ ಕುಗ್ಗುವುದು ಎಲ್ಲಿ

ಸಣ್ಣ ತೊಟ್ಟಿ ಮೊದಲ ಶತ್ರು. ನೀರು ಕಡಿಮೆಯಿದ್ದಷ್ಟೂ ಉಷ್ಣತೆ, ಅಮೋನಿಯ ಎರಡೂ ಬೇಗ ಏರುತ್ತವೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹೆಚ್ಚುಕಡಿಮೆ 55 ಲೀಟರ್ ಹಿಡಿಯುತ್ತದೆ, ಆರಂಭಕ್ಕೆ ಅದಕ್ಕಿಂತ ಚಿಕ್ಕದು ಬೇಡ. ದಿನಕ್ಕೊಮ್ಮೆ ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮೇವು ಸಾಕು. ಮನೆಗೆ ಬಂದ ನೆಂಟರೆಲ್ಲ ಚಿಟಿಕೆ ಚಿಟಿಕೆ ಹಾಕಿದರೆ ಕೊನೆಗೆ ನೀರೇ ಕೆಡುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದಾಗ ನೆರವಾಗಲು ಬ್ಯಾಟರಿಯ ಏರ್ ಪಂಪ್ ಇರಲಿ, ಬಿಸಿನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ.

ಇನ್ನು ಬಿಡಬೇಕೆಂದೇ ನಿರ್ಧರಿಸಿದವರಿಗೊಂದು ವಿನಂತಿ. ತೊಟ್ಟಿ ಶುಚಿ ಮಾಡುವ ಮೀನೆಂದು ಮಾರುವ ಬಾಯಿಹೀರುಕ ಬೆಕ್ಕುಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಸಾಕಿ ಸಾಕಾದವರು ಕೆರೆಗೆ ಬಿಟ್ಟ ಅಂಥ ಮೀನುಗಳು ದೇಶದ ಅನೇಕ ಜಲಾಶಯಗಳಲ್ಲಿ ನೆಲೆಯೂರಿ, ಬಲೆ ಹರಿದು, ನಾಡಮೀನುಗಳ ಆಹಾರ ಕಸಿಯುತ್ತಿವೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಮತ್ತೊಬ್ಬ ಸಾಕಣೆಗಾರರಿಗೆ ಕೊಡಿ. ಕೆರೆಗಾಗಲಿ ಹೊಳೆಗಾಗಲಿ ಬಿಡಬೇಡಿ.